ಸೋಪ್ ಪಂಪು, ಸ್ಪ್ರೇ ಬಾಟಲಿ: ಬಿಚ್ಚಿ ರಿಪೇರಿ ಮಾಡುವುದು, ಗಾಜಿನ ಜಾರಿನ ಮೇಲೆ ಕೂರಿಸುವುದು

ಕೈ ತೊಳೆಯುವ ಸೋಪಿನ ಬಾಟಲಿಯಲ್ಲಿ ಮೊದಲು ಕೈಕೊಡುವುದು ಪಂಪು. ಬಾಟಲಿಗೆ ಏನೂ ಆಗಿರುವುದಿಲ್ಲ, ಇನ್ನೂ ಹತ್ತಾರು ಸಲ ತುಂಬಿಸಬಹುದು. ಆದರೆ ಒತ್ತಿದರೆ ಸೋಪು ಬರದ ಬಾಟಲಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ರೀಫಿಲ್ ಸೋಪು ತಂದಿಟ್ಟವರೂ ಪಂಪಿಗೋಸ್ಕರ ಹೊಸ ಬಾಟಲಿ ತರುತ್ತಾರೆ. ಬಿಸಾಡಿದ ಬಾಟಲಿ ಪುನರ್ಬಳಕೆಗೆ ಹೋದೀತು, ಪಂಪಿಗೆ ಆ ಗತಿಯೂ ಇಲ್ಲ. ಮೈ ಪಾಲಿಪ್ರೊಪಿಲೀನ್, ಒಳಗಿನ ಕೊಳವೆ ಪಾಲಿಎಥಿಲೀನ್, ಸ್ಪ್ರಿಂಗ್ ಸ್ಟೀಲು, ಕವಾಟದ ಗುಂಡು ಗಾಜು ಇಲ್ಲವೇ ಸ್ಟೀಲು. ಬೆರಳುದ್ದದ ವಸ್ತುವಿನಲ್ಲಿ ಇಷ್ಟೆಲ್ಲ ಬೆರೆತಿದ್ದರೆ ಬೇರ್ಪಡಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಹಾಗಾಗಿ ಈ ದಾಖಲೆ ಪೂರ್ತಿ ಪಂಪಿನದೇ: ಟ್ರಿಗರ್ ಸ್ಪ್ರೇ, ಸೋಪ್ ಪಂಪು, ನೊರೆ ಪಂಪು. ಕೊನೆಯಲ್ಲಿ ಉಳಿಸಿಕೊಂಡ ಪಂಪನ್ನು ಗಾಜಿನ ಜಾರಿನ ಮುಚ್ಚಳಕ್ಕೆ ಕೂರಿಸುವ ಕೆಲಸ.

ಸಲಕರಣೆ ಹೆಚ್ಚೇನಿಲ್ಲ. ಚಿಕ್ಕ ಚಪ್ಪಟೆ ಸ್ಕ್ರೂಡ್ರೈವರ್, ಚೂಪು ಮೂತಿಯ ಇಕ್ಕಳ, ಸಣ್ಣ ಹೊಲಿಗೆ ಸೂಜಿ, ಹಳೆಯ ಹಲ್ಲುಜ್ಜುವ ಬ್ರಷ್, ಬಿಳಿ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಪುಡಿ, ಸಿಲಿಕೋನ್ ಗ್ರೀಸ್, ಸೈಕಲ್ಲಿನ ಹಳೇ ಟ್ಯೂಬಿನ ಒಂದು ತುಂಡು, ಅಂಚು ಎತ್ತರವಿರುವ ಒಂದು ತಟ್ಟೆ. ತಟ್ಟೆಯನ್ನು ಮರೆಯಬೇಡಿ. ಪಂಪು ಬಿಚ್ಚಿದಾಗ ಸ್ಪ್ರಿಂಗು ಹಾರುತ್ತದೆ, ಗುಂಡು ಉರುಳುತ್ತದೆ. ಆ ಗುಂಡು ಕಳೆದರೆ ರಿಪೇರಿ ಅಲ್ಲಿಗೇ ಮುಗಿಯಿತು.

ಬಿಚ್ಚಬಾರದವೂ ಇವೆ. ಒತ್ತಡ ತುಂಬಿದ ಡಬ್ಬಿಗಳನ್ನು (ಏರೊಸಾಲ್) ಖಾಲಿಯಾದರೂ ಮುಟ್ಟಬೇಡಿ. ಬಾಟಲಿಯ ಕತ್ತಿಗೆ ಲೋಹದ ಪಟ್ಟಿ ಮಡಿಸಿ ಒತ್ತಿರುವ ಸುಗಂಧದ ಸ್ಪ್ರೇ ಬಿಚ್ಚಿದರೆ ಮತ್ತೆ ಕೂರುವುದಿಲ್ಲ. ಕೀಟನಾಶಕ, ಕೊಳವೆ ಶುಚಿಗೊಳಿಸುವ ಕ್ಷಾರ, ಶೌಚಾಲಯದ ಆಸಿಡ್ ಇದ್ದ ಬಾಟಲಿ ಮತ್ತು ಪಂಪನ್ನು ಎಷ್ಟೇ ತೊಳೆದರೂ ಬೇರೆ ಕೆಲಸಕ್ಕೆ ಬಳಸಬಾರದು. ಬ್ಲೀಚ್ ಇದ್ದ ಸ್ಪ್ರೇಯನ್ನು ಮೊದಲು ಬರೀ ನೀರು ತುಂಬಿ ಇಪ್ಪತ್ತು ಮೂವತ್ತು ಸಲ ಒತ್ತಿ ಖಾಲಿ ಮಾಡಿ, ನೀರು ಬದಲಿಸಿ ಇನ್ನೊಮ್ಮೆ ಮಾಡಿ, ಆಮೇಲಷ್ಟೇ ವಿನೆಗರ್ ಹತ್ತಿರ ತನ್ನಿ. ಬ್ಲೀಚಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯಾ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶಕ್ಕೆ ಕೆಡುಕು.

ಟ್ರಿಗರ್ ಸ್ಪ್ರೇ: ಬಿಚ್ಚುವ ಮೊದಲು ಲೋಟದ ಪರೀಕ್ಷೆ

ಟ್ರಿಗರ್ ಒಳಗೆ ಇರುವುದು ಒಂದು ಪಿಸ್ಟನ್, ಒಂದು ಸ್ಪ್ರಿಂಗ್, ಎರಡು ಕವಾಟ. ಒತ್ತಿದಾಗ ಪಿಸ್ಟನ್ ಒಳಹೋಗುತ್ತದೆ, ಕೆಳಗಿನ ಕವಾಟ ಮುಚ್ಚಿಕೊಳ್ಳುತ್ತದೆ, ಮೇಲಿನದು ತೆರೆದು ದ್ರವ ಮೂತಿಯತ್ತ ನುಗ್ಗುತ್ತದೆ. ಬಿಟ್ಟಾಗ ಸ್ಪ್ರಿಂಗ್ ಪಿಸ್ಟನ್ನನ್ನು ಹೊರತಳ್ಳುತ್ತದೆ, ಮೇಲಿನ ಕವಾಟ ಮುಚ್ಚುತ್ತದೆ, ಕೆಳಗಿನದು ತೆರೆದು ಕೊಳವೆಯಿಂದ ದ್ರವ ಏರುತ್ತದೆ. ಹೊರಹೋದ ದ್ರವದ ಜಾಗ ತುಂಬಲು ಬಾಟಲಿಯೊಳಗೆ ಗಾಳಿ ಬರಬೇಕು. ಅದಕ್ಕೆ ಸಿಲಿಂಡರಿನ ಗೋಡೆಯಲ್ಲಿ ಸಣ್ಣದೊಂದು ಗಾಳಿತೂತು ಇದೆ, ಪಿಸ್ಟನ್ ಒಳಸರಿದಾಗ ಮಾತ್ರ ಅದು ತೆರೆದುಕೊಳ್ಳುತ್ತದೆ. ಇಷ್ಟು ತಿಳಿದಿದ್ದರೆ ಯಾವ ಭಾಗ ಕೆಟ್ಟಿದೆ ಎಂದು ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲೇ ಹೇಳಿಬಿಡಬಹುದು.

ಪಂಪನ್ನು ಬಾಟಲಿಯಿಂದ ತಿರುಚಿ ತೆಗೆದು, ಕೊಳವೆಯ ತುದಿಯನ್ನು ಗಾಜಿನ ಲೋಟದ ಬೆಚ್ಚನೆ ನೀರಿನಲ್ಲಿ ಅದ್ದಿ ಹಿಡಿಯಿರಿ. ಮೂತಿ ತೆರೆದಿರುವ ಗುರುತಿಗೆ ತಿರುಗಿಸಿಕೊಳ್ಳಿ. ಎಷ್ಟೋ ಸಲ ದೋಷ ಇಷ್ಟೇ ಆಗಿರುತ್ತದೆ. ಈಗ ನಿಧಾನವಾಗಿ ಒತ್ತಿ ಬಿಡಿ. ಸರಿಯಿರುವ ಪಂಪು ಹತ್ತು ಒತ್ತಿನೊಳಗೆ ನೀರು ಎತ್ತುತ್ತದೆ.

ಒತ್ತಿದಾಗ ಕೊಳವೆಯ ತುದಿಯಿಂದ ಗುಳ್ಳೆ ಬಂದರೆ ಕೆಳಗಿನ ಕವಾಟ ಮುಚ್ಚಿಕೊಳ್ಳುತ್ತಿಲ್ಲ. ಗುಂಡಿನ ಮೇಲೋ ಅದರ ಕೂಟಿನಲ್ಲೋ (ಗುಂಡು ಕೂರುವ ಅಂಚು) ಒಣಗಿದ ಸೋಪು ಕೂತಿದೆ. ಗುಳ್ಳೆ ಬರುತ್ತಿಲ್ಲ, ಆದರೆ ಬಿಟ್ಟಾಗ ಮೂತಿಗೆ ಅದುಮಿದ ಒದ್ದೆ ಬೆರಳನ್ನು ಒಳಕ್ಕೆ ಎಳೆದಂತಾಗುತ್ತಿದೆ ಎಂದರೆ ಮೇಲಿನ ಕವಾಟ ಸೋರುತ್ತಿದೆ, ಪಂಪು ದ್ರವದ ಬದಲು ಮೂತಿಯಿಂದಲೇ ಗಾಳಿ ಎಳೆದುಕೊಳ್ಳುತ್ತಿದೆ. ಎರಡೂ ಇಲ್ಲದೆ ಟ್ರಿಗರಿನ ಹಿಂದಿನಿಂದ ಬೆರಳ ಮೇಲೆ ನೀರು ಜಿನುಗಿದರೆ ಪಿಸ್ಟನ್ನಿನ ಸೀಲು ಸವೆದಿದೆ ಅಥವಾ ಒಣಗಿದೆ. ನೀರು ಕೊಳವೆಯ ಅರ್ಧಕ್ಕೆ ಏರಿ ನಿಂತು, ಮೇಲ್ಭಾಗದಲ್ಲಿ ಸಣ್ಣ ಗುಳ್ಳೆಗಳ ಸಾಲು ಕಂಡರೆ ಕೊಳವೆ ಸೀಳಿದೆ. ಸೀಳು ಹೆಚ್ಚಾಗಿ ಪಂಪಿನೊಳಕ್ಕೆ ತೂರಿಕೊಂಡಿರುವ ಬುಡದಲ್ಲೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಕೊಳವೆ ಕಿತ್ತು, ಅದು ಕೂರುವ ತೂತಿಗೆ ಬೆರಳಿಟ್ಟು ಒತ್ತಿ ಬಿಡಿ. ಅಲ್ಲಿ ಎಳೆತ ಗಟ್ಟಿಯಾಗಿದ್ದರೆ ದೋಷ ಕೊಳವೆಯದೇ.

ಮೂತಿ ಕಟ್ಟಿಕೊಂಡಿದ್ದರೆ ಲಕ್ಷಣ ಬೇರೆ: ಟ್ರಿಗರ್ ಗಟ್ಟಿ, ಒತ್ತಲು ಬಲ ಬೇಕು, ಹನಿ ಮಾತ್ರ ಉದುರುತ್ತದೆ ಅಥವಾ ಧಾರೆ ಓರೆಯಾಗಿ ಹೋಗುತ್ತದೆ. ಮೂತಿಯ ಚೌಕ ಟೋಪಿಯನ್ನು ಇಕ್ಕಳದಿಂದ ನೇರವಾಗಿ ಮುಂದಕ್ಕೆ ಎಳೆದರೆ ಕಳಚುತ್ತದೆ. ಇಕ್ಕಳದ ಹಲ್ಲಿಗೆ ಬಟ್ಟೆ ಸುತ್ತಿಕೊಳ್ಳಿ. ಟೋಪಿಯ ಒಳಮುಖದಲ್ಲಿ ಅರ್ಧ ಮಿ.ಮೀ. ಆಸುಪಾಸಿನ ತೂತು, ಅದರ ಸುತ್ತ ಓರೆಯಾಗಿ ಕೊರೆದ ಎರಡು ಮೂರು ಸಣ್ಣ ತೋಡು ಕಾಣುತ್ತವೆ. ದ್ರವ ಆ ತೋಡುಗಳಲ್ಲಿ ಸುಳಿದಾಡಿಕೊಂಡು ಬರುವುದರಿಂದಲೇ ತುಂತುರು ಹುಟ್ಟುವುದು. ಬಿಳಿ ಗಸಿ ಕಟ್ಟುವುದೂ ಅಲ್ಲೇ. ಇದನ್ನು ಸೂಜಿಯಿಂದ ಚುಚ್ಚುವುದು ಎಲ್ಲರೂ ಮಾಡುವ ಕೆಲಸ, ಅದರಿಂದಲೇ ಒಳ್ಳೆಯ ಮೂತಿಗಳು ಹಾಳಾಗುತ್ತವೆ. ಮೆತ್ತನೆಯ ಪ್ಲಾಸ್ಟಿಕ್ಕಿನ ತೂತು ಒಂದು ಕೂದಲಷ್ಟು ಹಿಗ್ಗಿದರೂ ತುಂತುರು ಹೋಗಿ ಧಾರೆಯಾಗುತ್ತದೆ, ಮತ್ತೆ ಸರಿಮಾಡಲು ಬರುವುದಿಲ್ಲ. ಬದಲಿಗೆ 100 ಮಿ.ಲೀ. ಬೆಚ್ಚನೆ ನೀರಿಗೆ 5 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ (ಅಥವಾ ಶೇ 5ರ ವಿನೆಗರನ್ನು ಹಾಗೆಯೇ ತೆಗೆದುಕೊಂಡು) ಟೋಪಿಯನ್ನು ಒಂದು ಗಂಟೆ ನೆನೆಸಿ, ಒಳಗಿನಿಂದ ಬ್ರಷ್ಷಿನಿಂದ ಉಜ್ಜಿ. ತೂತಿಗೆ ಏನಾದರೂ ತೂರಿಸಲೇಬೇಕೆಂದರೆ ಬ್ರಷ್ಷಿನ ಒಂದು ನೈಲಾನ್ ಎಳೆ ಸಾಕು, ಅದೂ ಒಳಗಿನಿಂದ ಹೊರಕ್ಕೆ.

ಈ ಗಸಿ ಸೋಪಿನದಲ್ಲ, ಹೆಚ್ಚಾಗಿ ಗಡಸು ನೀರಿನ ಸುಣ್ಣ. ಆದ್ದರಿಂದ ಆಸಿಡ್ ಕೆಲಸ ಮಾಡುತ್ತದೆ. ಅಡುಗೆ ಸೋಡಾ ಕರಗಿಸಿ ಸ್ಪ್ರೇಯಲ್ಲಿ ತುಂಬುವವರ ಮೂತಿ ಬೇಗ ಕಟ್ಟುವುದಕ್ಕೆ ಕಾರಣ ಇನ್ನೂ ಸರಳ: ಪ್ರತಿ ಬಳಕೆಯ ನಂತರ ಮೂತಿಯಲ್ಲಿ ಉಳಿದ ಹನಿ ಒಣಗಿ ಹರಳಾಗುತ್ತದೆ. ಸೋಡಾ ದ್ರಾವಣಕ್ಕೆ ಸ್ಪ್ರೇ ಬಳಸುವುದೇ ಬೇಡ, ಪುಡಿ ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು.

ಕವಾಟದ ದೋಷಕ್ಕೆ ಪಂಪನ್ನು ಬಿಚ್ಚುವುದಕ್ಕಿಂತ ಮೊದಲು ನೆನೆಹಾಕಿ. ಸುಮಾರು 50 ಡಿಗ್ರಿ ಬಿಸಿನೀರು, ಅಂದರೆ ಬೆರಳಿಟ್ಟರೆ ಒಂದೆರಡು ಕ್ಷಣಕ್ಕಿಂತ ಇಡಲಾಗದಷ್ಟು. ಕೊಳವೆಯನ್ನು ಅದರಲ್ಲಿಟ್ಟು ಇಪ್ಪತ್ತು ಸಲ ಒತ್ತಿ, ಪಂಪು ಪೂರ್ತಿ ಮುಳುಗುವಂತೆ ಅರ್ಧ ಗಂಟೆ ಬಿಡಿ, ಮತ್ತೆ ಒತ್ತಿ. ಕುದಿಯುವ ನೀರು ಬೇಡ. ಪಾಲಿಪ್ರೊಪಿಲೀನ್ ಅದನ್ನು ತಡೆದುಕೊಳ್ಳುತ್ತದೆ, ಆದರೆ ಮೆತ್ತನೆಯ ಕೊಳವೆ ಮತ್ತು ವಾಷರು ಆಕಾರ ಕಳೆದುಕೊಳ್ಳುತ್ತವೆ. ಬಾಟಲಿಗಂತೂ ಬಿಸಿನೀರು ಬೇಡವೇ ಬೇಡ. ತಳದಲ್ಲಿ ತ್ರಿಕೋನದೊಳಗೆ 1 ಎಂದಿದ್ದರೆ ಅದು ಪೆಟ್ ಪ್ಲಾಸ್ಟಿಕ್, 70 ಡಿಗ್ರಿ ದಾಟುತ್ತಿದ್ದಂತೆ ಮುದುಡುತ್ತದೆ. 2 ಎಂದಿದ್ದರೆ ಎಚ್‌ಡಿಪಿಇ, ಅದು ಸ್ವಲ್ಪ ಗಟ್ಟಿಗ.

ನೆನೆಸಿದರೂ ಸರಿಯಾಗದಿದ್ದರೆ ಬಿಚ್ಚಬೇಕು. ಹಿಂಬದಿಯ ಕವಚ ಕೊಂಡಿಯ ಮೇಲೆ ನಿಂತಿರುತ್ತದೆ, ಹಿಂದಿನ ಅಂಚಿನಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೇಲಕ್ಕೆ ಎತ್ತಿದರೆ ಕಳಚುತ್ತದೆ. ಟ್ರಿಗರಿನ ಎರಡು ಕಿವಿಗಳನ್ನು ಅಗಲಿಸಿ ಹೊರತೆಗೆಯಿರಿ. ಪಿಸ್ಟನ್ ಮತ್ತು ಸ್ಪ್ರಿಂಗು ಮುಂದಕ್ಕೆ ಬರುತ್ತವೆ. ಹೆಬ್ಬೆರಳಿನಿಂದ ತಡೆದು ಹಿಡಿಯಿರಿ, ತಟ್ಟೆಯ ಮೇಲೇ ಮಾಡಿ. ಕೊಳವೆಯನ್ನು ಹಿಡಿದಿರುವ ಕೆಳಗಿನ ತುಂಡನ್ನು ತಿರುಚುತ್ತಾ ಎಳೆದರೆ ಅದರ ತಲೆಯ ಮೇಲೆ ಗುಂಡು ಅಥವಾ ಸಣ್ಣ ರಬ್ಬರ್ ಬಿಲ್ಲೆ ಸಿಗುತ್ತದೆ. ಗುಂಡು ಕೂರುವ ವೃತ್ತಾಕಾರದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಒಂದು ಕೂದಲೆಳೆ ಅಂಟಿದ್ದರೂ ಕವಾಟ ಸೋರುತ್ತದೆ. ಬಟ್ಟೆಯ ನೂಲು, ಮರಳಿನ ಕಣ, ಸೋಪಿನ ಚಕ್ಕೆ, ಏನಿದ್ದರೂ ಒದ್ದೆ ಹತ್ತಿಯಿಂದ ಒರೆಸಿ ತೆಗೆಯಿರಿ. ಅಂಚನ್ನು ಲೋಹದಿಂದ ಕೆರೆಯಬೇಡಿ.

ಪಿಸ್ಟನ್ನಿನ ತುಟಿಗೆ ಅಕ್ಕಿಕಾಳಿನಷ್ಟು ಸಿಲಿಕೋನ್ ಗ್ರೀಸ್ ಸವರಿ. ಅಡುಗೆ ಎಣ್ಣೆ ಹಚ್ಚಿದರೆ ಕೆಲವು ವಾರದಲ್ಲಿ ಅಂಟಾಗಿ ಮೊದಲಿಗಿಂತ ಗಟ್ಟಿಯಾಗುತ್ತದೆ. ಪೆಟ್ರೋಲಿಯಂ ಜೆಲ್ಲಿ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ. ಉಬ್ಬಿದ ಸೀಲು ಸಿಲಿಂಡರಿನಲ್ಲಿ ಸಿಕ್ಕಿಕೊಂಡು ಟ್ರಿಗರ್ ಹಿಂದಕ್ಕೇ ಬರುವುದಿಲ್ಲ. ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆ ಸೇರಿಸಿದ ಶುಚಿಕಾರಕಗಳೂ ಇದನ್ನೇ ಮಾಡುತ್ತವೆ. ಅವುಗಳಲ್ಲಿನ ಲಿಮೊನೀನ್ ಪಾಲಿಎಥಿಲೀನನ್ನೂ ರಬ್ಬರನ್ನೂ ಉಬ್ಬಿಸುತ್ತದೆ. ಸುವಾಸನೆಗೆಂದು ಕೈಯಾರೆ ಎಣ್ಣೆ ಸುರಿಯುವ ಮೊದಲು ಇದು ಗೊತ್ತಿರಲಿ.

ಇನ್ನೊಂದು ದೋಷ ಜನರನ್ನು ಗೊಂದಲಕ್ಕೆ ಬೀಳಿಸುತ್ತದೆ: ಹದಿನೈದು ಇಪ್ಪತ್ತು ಸಲ ಚೆನ್ನಾಗಿ ಚಿಮ್ಮಿಸಿ ನಿಂತುಬಿಡುತ್ತದೆ, ಬಾಟಲಿಯ ಹೊಟ್ಟೆ ಒಳಕ್ಕೆ ಹೋಗಿರುತ್ತದೆ, ಕತ್ತಿನ ಮುಚ್ಚಳ ಸಡಿಲಿಸಿದರೆ ಉಸ್ಸೆಂದು ಗಾಳಿ ನುಗ್ಗಿ ಮತ್ತೆ ಶುರುವಾಗುತ್ತದೆ. ಇದು ಗಾಳಿತೂತು ಕಟ್ಟಿರುವುದು. ಪಿಸ್ಟನ್ ತೆಗೆದು ಸಿಲಿಂಡರಿನ ಒಳಗೋಡೆಯಲ್ಲಿ, ಹೊರಬಾಯಿಗೆ ಹತ್ತಿರ, ಆ ತೂತನ್ನು ಹುಡುಕಿ. ಇಲ್ಲಿ ಸೂಜಿ ಬಳಸಬಹುದು, ಅಳತೆ ಅಷ್ಟು ಸೂಕ್ಷ್ಮವಲ್ಲ. ಮುಚ್ಚಳ ಸಡಿಲ ಬಿಟ್ಟು ಬಳಸುವುದು ಪರಿಹಾರವಲ್ಲ, ಬಾಟಲಿ ಓರೆ ಮಾಡಿದ ಕೂಡಲೇ ಕೈಮೇಲೆಲ್ಲ ಸುರಿಯುತ್ತದೆ.

ಕೊಳವೆ ಬದಲಿಸುವಾಗ ಹಳೆಯದರ ಹೊರವ್ಯಾಸ ಅಳೆದುಕೊಳ್ಳಿ. ಮೀನಿನ ತೊಟ್ಟಿಗೆ ಗಾಳಿ ಊದುವ ಕೊಳವೆ ಹೊರಗೆ 6 ಮಿ.ಮೀ., ಒಳಗೆ 4 ಮಿ.ಮೀ. ಇರುತ್ತದೆ, ಹಲವು ಪಂಪುಗಳಿಗೆ ಹೊಂದುತ್ತದೆ. ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಮೆತ್ತಗಾಗಿ ಸುಲಭವಾಗಿ ತೂರುತ್ತದೆ. ಕೆಳತುದಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ. ನೇರವಾಗಿ ಕತ್ತರಿಸಿದ ತುದಿ ತಳಕ್ಕೆ ಅಂಟಿಕೊಂಡು ಬಾಯಿ ಮುಚ್ಚಿಹೋಗುತ್ತದೆ. ಕೊಳವೆಗೆ ಸಹಜವಾಗಿ ಸ್ವಲ್ಪ ಬಾಗು ಇರುತ್ತದೆ. ಆ ಬಾಗು ಮೂತಿಯ ಕಡೆಗೆ, ಅಂದರೆ ಮುಂದಕ್ಕೆ ಇರಲಿ. ಸ್ಪ್ರೇ ಮಾಡುವಾಗ ಬಾಟಲಿ ಮುಂದಕ್ಕೆ ವಾಲುತ್ತದೆ, ಉಳಿದ ದ್ರವ ಅಲ್ಲೇ ಸೇರುತ್ತದೆ. ಬಾಟಲಿಯಲ್ಲಿ ಇನ್ನೂ ದ್ರವ ಇದ್ದರೂ ಸ್ಪ್ರೇ ಬರುತ್ತಿಲ್ಲ ಎಂಬ ದೂರಿಗೆ ಕೊಳವೆ ಹಿಂದಕ್ಕೆ ಬಾಗಿರುವುದೇ ಕಾರಣವಾಗಿರುವುದುಂಟು.

ಕತ್ತಿನ ಅಳತೆ

ಒಂದು ಬಾಟಲಿಯ ಪಂಪು ಇನ್ನೊಂದಕ್ಕೆ ಕೂರುತ್ತದೆಯೇ ಎಂಬುದನ್ನು ಎರಡು ಸಂಖ್ಯೆ ಹೇಳುತ್ತವೆ: 28/400, 28/410, 24/410 ಹೀಗೆ. ಮೊದಲನೆಯದು ಕತ್ತಿನ ಥ್ರೆಡ್ಡಿನ (ಮುಚ್ಚಳ ತಿರುಚಿಕೊಳ್ಳುವ ಸುರುಳಿ ಏಣಿನ) ಹೊರವ್ಯಾಸ, ಮಿ.ಮೀ.ನಲ್ಲಿ. ಎರಡನೆಯದು ಥ್ರೆಡ್ಡಿನ ಬಗೆ: 400 ಎಂದರೆ ಒಂದು ಸುತ್ತು, 410 ಎಂದರೆ ಒಂದೂವರೆ, 415 ಎಂದರೆ ಎರಡು. ಟ್ರಿಗರ್ ಸ್ಪ್ರೇಗಳಲ್ಲಿ 28ರ ಕತ್ತು ಹೆಚ್ಚು ಚಾಲ್ತಿಯಲ್ಲಿದೆ. 28/410 ಪಂಪನ್ನು 28/400 ಬಾಟಲಿಗೆ ಹಾಕಿದರೆ ತಿರುಗುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ, ಆದರೂ ಸೋರುತ್ತದೆ. ಉದ್ದದ ಮುಚ್ಚಳದ ಕೆಳಅಂಚು ಬಾಟಲಿಯ ಹೆಗಲಿಗೆ ಮೊದಲೇ ತಾಗಿ ನಿಲ್ಲುತ್ತದೆ, ಒಳಗಿನ ವಾಷರು ಕತ್ತಿನ ಬಾಯಿಗೆ ಒತ್ತಿಕೊಳ್ಳುವುದೇ ಇಲ್ಲ. ಒಂದು ಹೆಚ್ಚುವರಿ ವಾಷರ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ವಾಷರಿಗೆ ಸೈಕಲ್ ಟ್ಯೂಬು ಸಾಕು, ಸುಮಾರು 1 ಮಿ.ಮೀ. ದಪ್ಪ ಇರುತ್ತದೆ, ಸೋಪುನೀರಿಗೆ ಜಗ್ಗುವುದಿಲ್ಲ. ಸೋಪಿನಿಂದ ತೊಳೆದು ಒಳಗಿನ ಪುಡಿ ತೆಗೆಯಿರಿ. ಹೊರವ್ಯಾಸ ಮುಚ್ಚಳದ ಒಳವ್ಯಾಸಕ್ಕಿಂತ ಅರ್ಧ ಮಿ.ಮೀ. ಕಡಿಮೆ ಇರಲಿ, ಒಳತೂತು ಪಂಪಿನ ಮೈಗೆ ಬಿಗಿಯಾಗಿ ಕೂರುವಂತಿರಲಿ. ಒಳತೂತನ್ನು ಮೊದಲು ಕತ್ತರಿಸಿ, ಆಮೇಲೆ ಹೊರಸುತ್ತು. ತಿರುವುಮುರುವಾದರೆ ಹಿಡಿಯಲು ಜಾಗವೇ ಇರುವುದಿಲ್ಲ.

ಸೋಪ್ ಪಂಪು

ತಲೆ ಒತ್ತುವ ಪಂಪಿನ ಒಳಗೆ ಇರುವುದೂ ಅದೇ ಕತೆ, ಭಾಗಗಳು ನೇರ ಸಾಲಿನಲ್ಲಿವೆ ಅಷ್ಟೇ. ಒಂದು ಒತ್ತಿಗೆ ಸಾಮಾನ್ಯವಾಗಿ 2 ಮಿ.ಲೀ. ಆಸುಪಾಸು ಬರುತ್ತದೆ. ಕೆಡುವುದು ಬಹುಪಾಲು ಒಂದೇ ಕಡೆ: ಕೆಲವು ದಿನ ಬಳಸದೆ ಇಟ್ಟಾಗ ಸೋಪು ಒಣಗಿ ತಳದ ಗುಂಡನ್ನು ಅದರ ಕೂಟಿಗೆ ಅಂಟಿಸಿಬಿಡುತ್ತದೆ. ತಲೆ ಕೆಳಗೆ ಹೋಗಿ ಮೇಲೆ ಬರುವುದೇ ಇಲ್ಲ, ಅಥವಾ ಮೆಲ್ಲಗೆ ತೆವಳಿಕೊಂಡು ಬರುತ್ತದೆ. ಬಿಸಿನೀರಿನ ನೆನೆಹಾಕುವಿಕೆ ಇಲ್ಲಿ ಟ್ರಿಗರ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಕೊಳವೆ ಕಿತ್ತು, ಬುಡವನ್ನು ಬಿಸಿನೀರಿನಲ್ಲಿ ನಿಲ್ಲಿಸಿ, ಹತ್ತು ನಿಮಿಷಕ್ಕೊಮ್ಮೆ ಒತ್ತಿ. ಅಲುಗಾಡಿಸಿದಾಗ ಒಳಗೆ ಗುಂಡು ಟಕಟಕ ಅಂದರೆ ಬಿಟ್ಟುಕೊಂಡಿದೆ ಎಂದರ್ಥ.

ಬಿಚ್ಚಲೇಬೇಕಾದರೆ ತಲೆಯನ್ನು ಅಪ್ರದಕ್ಷಿಣವಾಗಿ ತಿರುಗಿಸಿ ಎತ್ತರಕ್ಕೆ ಬಿಡಿ. ತಲೆಯ ಕೆಳಗೆ, ಮುಚ್ಚಳದ ನಡುವೆ, ಒಂದು ಉಂಗುರ ಸಿಲಿಂಡರಿಗೆ ಚಟ್ಟನೆ ಕೂತಿರುತ್ತದೆ. ಅದರ ಕೆಳಅಂಚಿಗೆ ತೆಳು ಸ್ಕ್ರೂಡ್ರೈವರ್ ತೂರಿಸಿ ಸುತ್ತಲೂ ಸ್ವಲ್ಪ ಸ್ವಲ್ಪವೇ ಎತ್ತಿ. ಒಂದೇ ಕಡೆ ಬಲ ಹಾಕಿದರೆ ಉಂಗುರ ಸೀಳುತ್ತದೆ, ಸೀಳಿದ ಉಂಗುರದ ಪಂಪು ಪ್ರತಿ ಒತ್ತಿಗೂ ಮೇಲೆದ್ದು ಬರುತ್ತದೆ. ಬಂದ ಭಾಗಗಳನ್ನು ಬಂದ ಕ್ರಮದಲ್ಲೇ ಸಾಲಾಗಿ ಇಟ್ಟು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ಸ್ಪ್ರಿಂಗಿಗೆ ತುಕ್ಕು ಹಿಡಿದು ಸೋಪು ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ. ಪೆನ್ನಿನ ಸ್ಪ್ರಿಂಗು ಎಲ್ಲರಿಗೂ ಮೊದಲು ಹೊಳೆಯುವುದು, ಆದರೆ ಅದಕ್ಕೆ ದಪ್ಪ ಸೋಪನ್ನು ಮೇಲೆತ್ತುವ ಬಲವಿಲ್ಲ, ವ್ಯಾಸವೂ ಸಣ್ಣದು. ಸತ್ತ ಪಂಪುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟುಕೊಂಡರೆ ಅದೇ ಬಗೆಯ ಸ್ಪ್ರಿಂಗು, ಗುಂಡು, ಕೊಳವೆ ಅಲ್ಲೇ ಸಿಗುತ್ತವೆ. ನಾಲ್ಕೈದು ಸತ್ತ ಪಂಪಿನಿಂದ ಎರಡು ಮೂರು ಬದುಕುತ್ತವೆ.

ಸ್ನಾನದ ಮನೆಯಲ್ಲಿ ಇಟ್ಟ ಸೋಪು ದಿನೇ ದಿನೇ ನೀರಾಗುತ್ತಾ ಹೋದರೆ ಪಂಪು ಕೆಟ್ಟಿಲ್ಲ. ತಲೆಯ ಮೇಲೆ ಸುರಿದ ನೀರು ತಲೆಯನ್ನು ಹೊತ್ತ ದಂಡದ ಪಕ್ಕದ ಗಾಳಿದಾರಿಯಿಂದ ಒಳಗಿಳಿಯುತ್ತದೆ. ಬಾಟಲಿಯ ಜಾಗ ಬದಲಿಸುವುದಷ್ಟೇ ಇದಕ್ಕೆ ಮದ್ದು.

ನೊರೆ ಪಂಪು

ಇದನ್ನು ಬಿಚ್ಚಬೇಡಿ. ಒಳಗೆ ಗಾಳಿಗೊಂದು, ದ್ರವಕ್ಕೊಂದು ಸಿಲಿಂಡರು, ಎರಡೂ ಕೂಡುವಲ್ಲಿ ನವಿರಾದ ಜಾಲರಿ. ಜಾಲರಿಯನ್ನು ಅದುಮಿ ಕೂರಿಸಿರುತ್ತಾರೆ, ತೆಗೆದರೆ ಹರಿಯುತ್ತದೆ. ಅದೃಷ್ಟಕ್ಕೆ ನೊರೆ ಪಂಪಿನ ರೋಗ ಹೆಚ್ಚಾಗಿ ತುಂಬಿದ ಸೋಪಿನದೇ. ದಪ್ಪ ಸೋಪನ್ನು ಹಾಗೇ ಸುರಿದರೆ ತಲೆ ಗಟ್ಟಿಯಾಗುತ್ತದೆ, ನೊರೆಯ ಬದಲು ಲೋಳೆ ಬರುತ್ತದೆ. ಒಂದು ಪಾಲು ದ್ರವ ಸೋಪಿಗೆ ನಾಲ್ಕು ಪಾಲು ನೀರು ಬೇಕು. 250 ಮಿ.ಲೀ. ಬಾಟಲಿಗೆ 160 ಮಿ.ಲೀ. ನೀರು ಮೊದಲು, ಆಮೇಲೆ 40 ಮಿ.ಲೀ. ಸೋಪು. ಸೋಪು ಮೊದಲು ಹಾಕಿ ನೀರು ಬಿಟ್ಟರೆ ಕತ್ತಿನ ತನಕ ನೊರೆ ತುಂಬುತ್ತದೆ. ಉಳಿದ 50 ಮಿ.ಲೀ. ಜಾಗ ಪಂಪಿನ ಮೈ ಕೂರುವುದಕ್ಕೆ. ಕುಲುಕಬೇಡಿ, ಮೆಲ್ಲಗೆ ಅತ್ತಿತ್ತ ಓರೆ ಮಾಡಿ.

ಸೋಪಿನ ಬಿಲ್ಲೆ ತುರಿದು ನೀರಲ್ಲಿ ಕರಗಿಸಿ ದ್ರವ ಸೋಪು ಮಾಡಿಕೊಳ್ಳುವ ಉಪಾಯ ಚೆನ್ನಾಗಿ ಕೇಳಿಸುತ್ತದೆ, ಪಂಪಿಗೆ ಮಾತ್ರ ಶತ್ರು. ಬಿಲ್ಲೆ ಸೋಪು ಸೋಡಿಯಂ ಲವಣ, ತಣಿದಾಗ ಲೋಳೆಯಾಗಿ ಗಟ್ಟಿಯಾಗುತ್ತದೆ. ದ್ರವವಾಗಿಯೇ ಉಳಿಯುವ ಸೋಪು ಪೊಟ್ಯಾಸಿಯಂನದು. ಬಿಲ್ಲೆ ಸೋಪು ಇದ್ದರೆ ಬಿಲ್ಲೆಯಾಗಿಯೇ ಬಳಸಿ, ಅದಕ್ಕೆ ಪಂಪೇ ಬೇಕಿಲ್ಲ. ಗಡಸು ನೀರು ಬೆರೆಸಿದರೂ ಸೋಪಿನ ಕೆನೆ ಕಟ್ಟಿ ಜಾಲರಿ ಮುಚ್ಚುತ್ತದೆ. ಕುದಿಸಿ ಆರಿಸಿ ಮೇಲಿನ ತಿಳಿನೀರು ಬಗ್ಗಿಸಿಕೊಂಡರೆ ಗಡಸಿನ ಒಂದು ಭಾಗ ತಳದಲ್ಲೇ ಉಳಿಯುತ್ತದೆ. ಆಗಲೇ ಕಟ್ಟಿದ ಜಾಲರಿಗೆ ಬೆಚ್ಚನೆ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒತ್ತುವುದನ್ನು ಎರಡು ಮೂರು ಸಲ ಮಾಡಿ. ಉಜ್ಜುವ ಕಣಗಳಿರುವ ಸೋಪು ಒಮ್ಮೆ ಹೋಗಿದ್ದರೆ ಆ ಜಾಲರಿಯ ಆಸೆ ಬಿಡಿ.

ಗಾಜಿನ ಜಾರಿಗೆ ಪಂಪು

ಬಾಟಲಿ ಬಿರುಕುಬಿಟ್ಟು ಪಂಪು ಚೆನ್ನಾಗಿ ಉಳಿದಿದ್ದರೆ ಅದಕ್ಕೊಂದು ಗಾಜಿನ ಜಾರು ಹೊಂದಿಸಬಹುದು. 400ರಿಂದ 500 ಮಿ.ಲೀ. ಜಾರು, ತಿರುಪು ಮುಚ್ಚಳ 63 ಅಥವಾ 70 ಮಿ.ಮೀ. ಮುಚ್ಚಳಕ್ಕೆ ತೂತು ಕೊರೆದು ಪಂಪನ್ನು ಅಂಟಿನಿಂದ ಕೂರಿಸುವುದು ಎಲ್ಲೆಡೆ ಕಾಣುವ ವಿಧಾನ, ಬಾಳುವುದಿಲ್ಲ. ಪಾಲಿಪ್ರೊಪಿಲೀನಿಗೂ ಪಾಲಿಎಥಿಲೀನಿಗೂ ಸಾಮಾನ್ಯ ಅಂಟು ಹಿಡಿಯುವುದಿಲ್ಲ, ದಿನಕ್ಕೆ ಹತ್ತಾರು ಸಲ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಅಂಟಿಲ್ಲದೆ ಮಾಡುವ ದಾರಿ ಇದು: ಹಳೆಯ ಬಾಟಲಿಯ ಥ್ರೆಡ್ಡಿರುವ ಕತ್ತನ್ನೇ ಕತ್ತರಿಸಿಕೊಂಡು, ಮುಚ್ಚಳದ ತೂತಿಗೆ ಕೆಳಗಿನಿಂದ ತೂರಿಸಿ, ಮೇಲಿನಿಂದ ಪಂಪನ್ನು ತಿರುಚಿ ಬಿಗಿಯುವುದು. ನಡುವೆ ಮುಚ್ಚಳ ಅಪ್ಪಚ್ಚಿಯಾಗಿ ಹಿಡಿದುಕೊಳ್ಳುತ್ತದೆ.

ಕತ್ತಿನ ಬುಡದ ಸುತ್ತ 8 ಮಿ.ಮೀ. ಅಗಲ ಹೆಗಲು ಉಳಿಯುವಂತೆ ಸಣ್ಣ ಹಲ್ಲಿನ ಗರಗಸದಿಂದ ಕತ್ತರಿಸಿ. ಕತ್ತು 28 ಮಿ.ಮೀ. ಇದ್ದರೆ ಹೆಗಲಿನ ಹೊರವ್ಯಾಸ 44 ಆಗುತ್ತದೆ, ಜಾರಿನ ಬಾಯಿಯೊಳಗೆ ಸಲೀಸಾಗಿ ಇಳಿಯುತ್ತದೆ. ಎಚ್‌ಡಿಪಿಇ ಬಾಟಲಿ ಇದಕ್ಕೆ ಒಳ್ಳೆಯದು. ಹೆಗಲು ಇಳಿಜಾರಾಗಿದ್ದರೆ ತುಂಡನ್ನು ಕುದಿಯುತ್ತಿರುವ ನೀರಿನಲ್ಲಿ ಎರಡು ನಿಮಿಷ ಅದ್ದಿ, ತೂತಿರುವ ಮರದ ತುಂಡಿನ ಕೆಳಗೆ ತಣಿಯುವ ತನಕ ಒತ್ತಿಡಿ. ಪೂರ್ತಿ ಮಟ್ಟಸವಾಗದು, ಆದರೆ ವಾಷರು ತುಂಬಿಕೊಳ್ಳುವಷ್ಟಾಗುತ್ತದೆ. ಪೆಟ್ ಬಾಟಲಿಗೆ ಇದನ್ನು ಮಾಡಲು ಹೋದರೆ ಥ್ರೆಡ್ಡೂ ಸೇರಿ ಸೊಟ್ಟಗಾಗುತ್ತದೆ.

ಮುಚ್ಚಳದ ತೂತು 28.5 ಮಿ.ಮೀ. ಮೆಟ್ಟಿಲು ಆಕಾರದ ಡ್ರಿಲ್ ಬಿಟ್ ಇದ್ದರೆ ಎರಡು ನಿಮಿಷದ ಕೆಲಸ: ಮುಚ್ಚಳದ ಒಳಗೆ ಮರದ ತುಂಡು ಇಟ್ಟು ಬಿಗಿದು, 28ರ ಮೆಟ್ಟಿಲಿನ ತನಕ ನಿಧಾನ ವೇಗದಲ್ಲಿ ಕೊರೆದು, ಉಳಿದ ಅರ್ಧ ಮಿ.ಮೀ. ಅರದಿಂದ ಉಜ್ಜಿ. ಕೈಯಲ್ಲಿ ಹಿಡಿದು ಕೊರೆಯಬೇಡಿ, ಡ್ರಿಲ್ ಬಿಟ್ ಕಚ್ಚಿಕೊಂಡಾಗ ತೆಳು ತಗಡು ಬ್ಲೇಡಿನಂತೆ ಸುತ್ತುತ್ತದೆ. ಡ್ರಿಲ್ ಇಲ್ಲದಿದ್ದರೆ ವೃತ್ತ ಎಳೆದು, ಗೆರೆಯ ಒಳಗೆ ಮೊಳೆಯಿಂದ ಒತ್ತೊತ್ತಾಗಿ ತೂತು ಹೊಡೆದು, ತಗಡಿನ ಕತ್ತರಿಯಿಂದ ಕತ್ತರಿಸಿ ಅರದಿಂದ ಸಾಫು ಮಾಡಿ. ಕತ್ತರಿಸಿದ ಅಂಚಿನಲ್ಲಿ ಬಣ್ಣದ ಲೇಪ ಹೋಗಿ ಬರೀ ಉಕ್ಕು ತೆರೆದಿರುತ್ತದೆ, ಸೋಪುನೀರು ತಾಗಿದರೆ ಬೇಗ ತುಕ್ಕು. ಎಪಾಕ್ಸಿ ಅಥವಾ ಉಗುರು ಬಣ್ಣವನ್ನು ಎರಡು ಕೋಟು ಹಚ್ಚಿ 24 ಗಂಟೆ ಒಣಗಲು ಬಿಡಿ. ಪ್ಲಾಸ್ಟಿಕ್ ಮುಚ್ಚಳವೇ ಸಿಕ್ಕಿದರೆ ಈ ತಾಪತ್ರಯ ಇಲ್ಲ.

ಜೋಡಿಸುವ ಕ್ರಮ ಕೆಳಗಿನಿಂದ: ಕತ್ತಿನ ಹೆಗಲು, ಟ್ಯೂಬಿನ ವಾಷರು, ಮುಚ್ಚಳ, ಮೇಲೆ ಪಂಪಿನ ತಿರುಪು (ಕತ್ತಿಗೆ ತಿರುಚುವ ಅದರ ಮುಚ್ಚಳ). ಇಲ್ಲಿ ಒಂದು ಲೆಕ್ಕ ತಪ್ಪುವುದು ಸಹಜ. ಮುಚ್ಚಳವಿಲ್ಲದೆ ಪಂಪನ್ನು ಕತ್ತಿಗೆ ಪೂರ್ತಿ ಬಿಗಿದು, ತಿರುಪಿನ ಕೆಳಅಂಚಿಗೂ ಹೆಗಲಿಗೂ ನಡುವೆ ಎಷ್ಟು ಸಂದಿ ಉಳಿಯುತ್ತದೆ ನೋಡಿ. ತಗಡು ಮುಚ್ಚಳ ಮತ್ತು ಒಂದು ವಾಷರು ಸೇರಿ ಸುಮಾರು 1.2 ಮಿ.ಮೀ. ದಪ್ಪ. ಸಂದಿ ಅದಕ್ಕಿಂತ ಹೆಚ್ಚಿದ್ದರೆ ಪಂಪು ಬಿಗಿಯಾದರೂ ಮುಚ್ಚಳ ಅಲ್ಲಾಡುತ್ತದೆ, ಹೆಗಲಿನ ಮೇಲೆ ಇನ್ನೊಂದು ವಾಷರು ಬೇಕು. ಸಂದಿ ಕಡಿಮೆಯಿದ್ದರೆ ತದ್ವಿರುದ್ಧ: ಮುಚ್ಚಳ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಕತ್ತಿನ ಬಾಯಿಯ ಸೀಲು ಮಾತ್ರ ತಾಗಿರುವುದಿಲ್ಲ, ಆಗ ಹೆಚ್ಚುವರಿ ವಾಷರು ಕತ್ತಿನ ಬಾಯಿಯ ಮೇಲೆ, ಪಂಪಿನ ಒಳಗೆ.

ಕೊಳವೆಯನ್ನು ಜಾರಿನ ತಳಕ್ಕಿಂತ 3 ಮಿ.ಮೀ. ಮೇಲೆ ನಿಲ್ಲುವಂತೆ ಓರೆಯಾಗಿ ಕತ್ತರಿಸಿ. ಗಿಡ್ಡವಾಗಿದ್ದರೆ ಇನ್ನೊಂದು ತುಂಡನ್ನು ಹೊರಗಿನಿಂದ ತೊಡಿಸಿ ಉದ್ದ ಮಾಡಬಹುದು, ಕೂಡಿಕೆ ಕನಿಷ್ಠ 10 ಮಿ.ಮೀ. ಒಂದರೊಳಗೊಂದು ಇರಲಿ. ಇಲ್ಲವಾದರೆ ಅಲ್ಲೇ ಗಾಳಿ ಸೇರುತ್ತದೆ. ಸೋಪು ಹಾಕುವ ಮೊದಲು ಬರೀ ನೀರಿನಿಂದ ಪರೀಕ್ಷಿಸಿ: ಜಾರು ಮುಕ್ಕಾಲು ತುಂಬಿಸಿ, ಪಂಪಿನ ತಲೆ ಕೆಳಗೆ ಲಾಕ್ ಮಾಡಿ, ನೀರು ಮುಚ್ಚಳಕ್ಕೆ ತಾಗುವಷ್ಟು ಓರೆ ಮಾಡಿ ಹತ್ತು ನಿಮಿಷ ಒರಗಿಸಿಡಿ. ತಿರುಪಿನ ಸುತ್ತ ಒಣ ಕಾಗದ ಸುತ್ತಿಟ್ಟರೆ ಎಲ್ಲಿ ಒದ್ದೆಯಾಗಿದೆ ಎಂಬುದೇ ಯಾವ ವಾಷರು ತಪ್ಪಿದೆ ಎಂದು ತೋರಿಸುತ್ತದೆ. ಪೂರ್ತಿ ತಲೆಕೆಳಗು ಮಾಡಬೇಡಿ, ಕೆಲವು ಪಂಪುಗಳು ಲಾಕ್ ಆಗಿದ್ದರೂ ಗಾಳಿದಾರಿಯಿಂದ ಜಿನುಗುತ್ತವೆ, ಜೋಡಣೆಯೇ ಸೋರುತ್ತಿದೆ ಎಂದು ಮೋಸಹೋಗುತ್ತೀರಿ.

ತುಂಬಿಸುವಾಗ

ಅರ್ಧ ಖಾಲಿಯಾದ ಬಾಟಲಿಗೆ ಮೇಲಿಂದ ಮೇಲೆ ಸೋಪು ಸುರಿಯುತ್ತಾ ಹೋಗುವುದು ರೂಢಿ, ಅದನ್ನು ಬಿಡಬೇಕು. ಸೋಪಿನಲ್ಲೂ ಬ್ಯಾಕ್ಟೀರಿಯಾ ಬೆಳೆಯುತ್ತವೆ. ನೀರು ಬೆರೆಸಿದಷ್ಟೂ ಅದರಲ್ಲಿನ ಸಂರಕ್ಷಕ ತೆಳುವಾಗುತ್ತದೆ, ತಳದಲ್ಲಿ ಉಳಿದ ಹಳೆಯ ಸೋಪು ಹೊಸದಕ್ಕೆ ಹೆಪ್ಪು ಹಾಕಿದಂತಾಗುತ್ತದೆ. ಪೂರ್ತಿ ಖಾಲಿ ಮಾಡಿ, ಬಿಸಿನೀರನ್ನು ಪಂಪಿನ ಮೂಲಕ ಹತ್ತು ಸಲ ಹಾಯಿಸಿ, ಬಾಟಲಿಯನ್ನು ಬೋರಲು ಹಾಕಿ ಒಂದು ರಾತ್ರಿ ಒಣಗಿಸಿ, ಆಮೇಲೆ ತುಂಬಿಸಿ. ಹಾಗೆ ಒಣಗಲು ಬಿಡಬೇಕೆಂದರೆ ಎರಡು ಬಾಟಲಿ ಸರದಿಯಲ್ಲಿ ಇರಬೇಕು, ಅದಕ್ಕೂ ಸತ್ತ ಪಂಪುಗಳ ಡಬ್ಬಿ ಆಗಿಬರುತ್ತದೆ. ನೀರು ಬೆರೆಸಿದ ನೊರೆ ಸೋಪನ್ನು ಕುದಿಸಿ ಆರಿಸಿದ ನೀರಿನಲ್ಲೇ ಮಾಡಿ, ಎರಡು ವಾರದಲ್ಲಿ ಮುಗಿಯುವಷ್ಟೇ ಮಾಡಿ. ವಾಸನೆ ಬದಲಾದರೆ, ಮಸುಕಾದರೆ, ಎಳೆ ಎಳೆಯಾಗಿ ಬಂದರೆ ಚೆಲ್ಲಿ.

ಬಾಟಲಿಯ ಮೇಲೆ ಒಳಗೇನಿದೆ ಎಂದು ಬರೆಯಲು ಮರೆಯಬೇಡಿ, ಅಳಿಸಿಹೋಗದ ಮಾರ್ಕರಿನಲ್ಲಿ, ದಿನಾಂಕದೊಂದಿಗೆ. ಹಳೆಯ ಲೇಬಲ್ ಹಾಗೇ ಬಿಟ್ಟರೆ ಇನ್ನೊಬ್ಬರು ಅದನ್ನೇ ನಂಬುತ್ತಾರೆ. ಲೇಬಲ್ಲಿನ ಅಂಟು ಬಿಡಿಸಲು ಅಡುಗೆ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಸೋಪಿನಿಂದ ಉಜ್ಜಿ. ಪಂಪಿನೊಳಗೆ ಬೇಡವೆಂದ ಎಣ್ಣೆ ಬಾಟಲಿಯ ಹೊರಮೈಗೆ ಚೆನ್ನಾಗಿ ಕೆಲಸ ಮಾಡುತ್ತದೆ.